ಆರ್‌ಎನ್‌ಕ್ಯೂ 0202 ಬಂದು ಜಾಬ್ ನಿಂತಿದೆ, ಕಾರಣ ಎಲ್ಲಿ ಹುಡುಕಲಿ?

ಪ್ರಶ್ನೆ: ಇಷ್ಟು ದಿನ ಜಾವಾದಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಐಬಿಎಂ ಐ (ಐಬಿಎಂ ಕಂಪನಿಯ ಒಂದು ಸರ್ವರ್ ಆಪರೇಟಿಂಗ್ ಸಿಸ್ಟಂ) ಮೇಲೆ ಆರ್‌ಪಿಜಿ ಭಾಷೆಯಲ್ಲೂ ಸಿಎಲ್ ಎಂಬ ಕಮಾಂಡ್ ಭಾಷೆಯಲ್ಲೂ ಬರೆದ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ತಂಡಕ್ಕೆ ಬಂದಿದ್ದೇನೆ. ಮೊನ್ನೆ ರಾತ್ರಿ ಒಂದು ಬ್ಯಾಚ್ ಜಾಬ್ ನಿಂತುಹೋಗಿತ್ತು. ಬೆಳಿಗ್ಗೆ ನೋಡಿದರೆ ಆಪರೇಟರ್ ಮೆಸೇಜ್ ಕ್ಯೂನಲ್ಲಿ ಆರ್‌ಎನ್‌ಕ್ಯೂ 0202 ಎಂಬ ಸಂದೇಶ ಕಾಯುತ್ತಿತ್ತು. ಅದರ ಕೊನೆಯಲ್ಲಿ ಸಿ, ಜಿ, ಡಿ, ಎಫ್ ಎಂಬ ಆಯ್ಕೆಗಳು. ಜಾಬ್ ನಡೆಯುವಾಗ ಬಂದ ಸಂದೇಶಗಳ ದಾಖಲೆಯಾದ ಜಾಬ್ ಲಾಗ್‌ನ ಕೊನೆಯ ಪುಟದಲ್ಲಿ ಸಿಪಿಎಫ್ 9999. ಎರಡನ್ನೂ ಇಂಟರ್ನೆಟ್‌ನಲ್ಲಿ ಹುಡುಕಿದೆ, ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಇನ್ನೊಂದು ಪ್ರೋಗ್ರಾಂ ಎಸ್‌ಕ್ಯೂಎಲ್ ಕೋಡ್ −913 ಎಂದಷ್ಟೇ ಬರೆದಿಡುತ್ತದೆ. ಮತ್ತೊಂದು, ಫೈಲ್ ತೆರೆಯಲು ಹೋಗಿ 3401 ಅನ್ನುತ್ತದೆ. ಈ ಕೋಡ್‌ಗಳ ಪೂರ್ತಿ ಪಟ್ಟಿ ಎಲ್ಲಾದರೂ ಇದೆಯೇ? ಆ ಆಯ್ಕೆಗಳಲ್ಲಿ ಯಾವುದನ್ನು ಒತ್ತಬೇಕು?

ಉತ್ತರ: ಪಟ್ಟಿ ಇದೆ. ನೀವು ಕೆಲಸ ಮಾಡುತ್ತಿರುವ ಯಂತ್ರದ ಒಳಗೇ ಇದೆ, ಅದಕ್ಕೆ ಹೊರಗೆ ಹೋಗಬೇಕಾಗಿಲ್ಲ. ಆದರೆ ನಿಮ್ಮ ತೊಂದರೆಗೆ ಪಟ್ಟಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ನೀವು ಹುಡುಕಿದ ಎರಡೂ ಸಂದೇಶಗಳು ಕಾರಣವನ್ನು ಹೇಳುವ ಸಂದೇಶಗಳಲ್ಲ. ಆರ್‌ಎನ್‌ಕ್ಯೂ 0202 ಹೇಳುವುದು "ನಾನು ಕರೆದ ಪ್ರೋಗ್ರಾಂ ದೋಷದಿಂದ ಮುಗಿಯಿತು" ಅಂತ ಅಷ್ಟೇ. ಸಿಪಿಎಫ್ 9999 ಹೇಳುವುದು "ಒಂದು ದೋಷ ಬಂತು, ಅದನ್ನು ಯಾರೂ ಹಿಡಿಯಲಿಲ್ಲ" ಅಂತ. ಇವು ಯಾವ ದೋಷದ ಹಿಂದೆಯಾದರೂ ಬರಬಹುದು. ಅದಕ್ಕೇ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದ್ದಾರೆ. ಅವರವರ ಮಟ್ಟಿಗೆ ಎಲ್ಲರೂ ಸರಿಯೇ, ನಿಮ್ಮ ಜಾಬ್‌ಗೆ ಮಾತ್ರ ಯಾವುದೂ ಹೊಂದುವುದಿಲ್ಲ.

ಹಾಗಾಗಿ ಮೊದಲು ಜಾಬ್ ಲಾಗ್. ಕಮಾಂಡ್‌ಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವಂತೆ ಬರೆಯುತ್ತೇನೆ, ಟೈಪ್ ಮಾಡುವಾಗ ನೀವು ಚುಟುಕು ರೂಪ ಬಳಸಿ. ಡಿಸ್‌ಪ್ಲೇಗೆ ಡಿಎಸ್‌ಪಿ, ವರ್ಕ್ ವಿತ್‌ಗೆ ಡಬ್ಲ್ಯುಆರ್‌ಕೆ, ಮೆಸೇಜ್‌ಗೆ ಎಂಎಸ್‌ಜಿ, ಡಿಸ್ಕ್ರಿಪ್ಷನ್‌ಗೆ ಬರೀ ಡಿ. ಈ ಕಟ್ಟುವ ಕ್ರಮ ತಿಳಿದರೆ ಅರ್ಧ ಕಮಾಂಡ್‌ಗಳು ತಾವಾಗಿಯೇ ನೆನಪಾಗುತ್ತವೆ.

ಜಾಬ್ ಇನ್ನೂ ಉತ್ತರಕ್ಕೆ ಕಾಯುತ್ತಾ ಇದ್ದರೆ, ವರ್ಕ್ ವಿತ್ ಜಾಬ್ ಕಮಾಂಡ್‌ನಲ್ಲಿ ಆ ಜಾಬ್ ತೆರೆದು 10ನೇ ಆಯ್ಕೆ ಒತ್ತಿ. ಜಾಬ್ ಮುಗಿದುಹೋಗಿದ್ದರೆ 4ನೇ ಆಯ್ಕೆಯಲ್ಲಿ ಸ್ಪೂಲ್ ಫೈಲ್‌ಗಳು (ಮುದ್ರಣಕ್ಕೆಂದು ಉಳಿಸಿಟ್ಟ ಔಟ್‌ಪುಟ್) ಸಿಗುತ್ತವೆ, ಅದರಲ್ಲಿ ಕ್ಯೂಪಿಜಾಬ್‌ಲಾಗ್ ಎಂಬ ಹೆಸರಿನದ್ದು ಜಾಬ್ ಲಾಗ್. ನಿಮ್ಮ ಸ್ವಂತ ಸೆಷನ್ ಆದರೆ ಸೀದಾ ಡಿಸ್‌ಪ್ಲೇ ಜಾಬ್ ಲಾಗ್. ಪರದೆಯ ಮೇಲೆ ಜಾಬ್ ಲಾಗ್ ಮೊದಲು ತೆರೆದಾಗ ಕಾಣುವುದು ಮೇಲುಮೇಲಿನ ನೋಟ ಮಾತ್ರ. ಎಫ್10 ಒತ್ತಿದರೆ ವಿವರವಾದ ಸಂದೇಶಗಳು ತೆರೆಯುತ್ತವೆ. ಹೊಸಬರಲ್ಲಿ ಜಾಸ್ತಿ ಜನ ಈ ಎಫ್10 ಒತ್ತದೇ "ಲಾಗ್‌ನಲ್ಲಿ ಏನೂ ಇಲ್ಲ" ಎಂದು ಮುಚ್ಚಿಬಿಡುತ್ತಾರೆ.

ಈಗ ಕೊನೆಯಿಂದ ಮೇಲಕ್ಕೆ ಬನ್ನಿ. ನಿಮ್ಮ ಕಣ್ಣಿಗೆ ಬಿದ್ದ 9999 ದಾಟಿ, ಅದಕ್ಕೂ ಮೊದಲು ಬಂದ ಎಸ್ಕೇಪ್ ಮಾದರಿಯ (ದೋಷದಿಂದ ಕೆಲಸ ಅರ್ಧಕ್ಕೆ ನಿಂತಿತು ಎಂದು ಹೇಳುವ) ಸಂದೇಶವನ್ನು ಹುಡುಕಿ. ಸಿಪಿಎಫ್ 9999ರ ಪಠ್ಯವೇ ದಾರಿ ತೋರಿಸುತ್ತದೆ. ಯಾವ ಸಂದೇಶ, ಯಾವ ಪ್ರೋಗ್ರಾಂನಲ್ಲಿ, ಯಾವ ಸ್ಟೇಟ್‌ಮೆಂಟ್‌ನಲ್ಲಿ ಹಿಡಿಯದೆ ಉಳಿಯಿತು ಎಂಬುದು ಅದರೊಳಗೇ ಇರುತ್ತದೆ. ಎಂಸಿಎಚ್ 1202 ಎಂದಿದ್ದರೆ ನಿಮಗೆ ಬೇಕಾದದ್ದು ಅದು. ಡೆಸಿಮಲ್ ಡೇಟಾ ದೋಷ. ಆ ಸಾಲಿನ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ. ಸಂದೇಶದ ಎರಡನೇ ಹಂತದ ಪಠ್ಯ ಬರುತ್ತದೆ: ಕಾರಣ ಏನು, ಏನು ಮಾಡಬೇಕು. ಅಲ್ಲಿಂದ ಎಫ್9 ಒತ್ತಿದರೆ ಸಂದೇಶ ಯಾವ ಪ್ರೋಗ್ರಾಂನಿಂದ ಹೊರಟಿತು, ಯಾವ ಪ್ರೋಗ್ರಾಂಗೆ ಹೋಯಿತು, ಯಾವ ಸ್ಟೇಟ್‌ಮೆಂಟ್, ಯಾವ ಮೆಸೇಜ್ ಫೈಲ್ ಎಂಬುದೆಲ್ಲ ಕಾಣುತ್ತದೆ. "ಎಲ್ಲಿಗೆ ಹೋಯಿತು" ಎಂಬ ಕಡೆ ಇರುವ ಪ್ರೋಗ್ರಾಂ ಹೆಸರೇ ಸಾಮಾನ್ಯವಾಗಿ ನಿಮ್ಮದು. ಹೊರಟ ಕಡೆ ಇರುವುದು ಸಿಸ್ಟಂನ ಯಾವುದೋ ಒಳ ಪ್ರೋಗ್ರಾಂ ಆಗಿರಬಹುದು. ಅದನ್ನು ಹಿಡಿದುಕೊಂಡು ಸಮಯ ಕಳೆಯಬೇಡಿ.

ಸ್ಟೇಟ್‌ಮೆಂಟ್ ಸಂಖ್ಯೆಯ ಬಗ್ಗೆ ಒಂದು ಮಾತು. ಆರ್‌ಪಿಜಿ ಪ್ರೋಗ್ರಾಂ ಕಂಪೈಲ್ ಮಾಡುವಾಗ ಆಪ್ಷನ್ ಕೀವರ್ಡ್‌ನಲ್ಲಿ ಸ್ಟಾರ್ ಎಸ್‌ಆರ್‌ಸಿಎಸ್‌ಟಿಎಂಟಿ ಕೊಟ್ಟಿದ್ದರೆ, ಆ ಸಂಖ್ಯೆ ಸೋರ್ಸ್‌ನ ಸಾಲಿನ ಸಂಖ್ಯೆಗೆ ಸರಿಹೊಂದುತ್ತದೆ. ಕೊಟ್ಟಿಲ್ಲದಿದ್ದರೆ ಕಂಪೈಲರ್ ತಾನೇ ಕೊಟ್ಟ ಸಂಖ್ಯೆ ಬರುತ್ತದೆ, ಆಗ ಕಂಪೈಲ್ ಲಿಸ್ಟಿಂಗ್ ಇಲ್ಲದೆ ಸಾಲು ಹುಡುಕುವುದು ಕಷ್ಟ. ನಿಮ್ಮ ತಂಡದ ಎಲ್ಲ ಆರ್‌ಪಿಜಿ ಸೋರ್ಸ್‌ಗಳಲ್ಲೂ ಈ ಆಪ್ಷನ್ ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ನಿಮ್ಮ ಘಟನೆ ಹೇಗೆ ನಡೆದಿರಬಹುದು ಎಂದು ಈಗ ಜೋಡಿಸಿ ನೋಡೋಣ. ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆದಿದೆ. ಕರೆಸಿಕೊಂಡ ಪ್ರೋಗ್ರಾಂ ಒಂದು ಸಂಖ್ಯೆಯ ಫೀಲ್ಡ್ ಓದಿದಾಗ ಅದರಲ್ಲಿ ಅಂಕಿಗಳ ಬದಲು ಖಾಲಿ ಜಾಗ ಇತ್ತು ಅಂದುಕೊಳ್ಳಿ. ಈ ಯಂತ್ರ ಅಕ್ಷರಗಳಿಗೆ ಬಳಸುವ ಎಬ್ಸಿಡಿಕ್ ಕೋಡ್‌ನಲ್ಲಿ ಖಾಲಿ ಜಾಗ ಅಂದರೆ ಹೆಕ್ಸ್ 40. ಪ್ಯಾಕ್ಡ್ ಫೀಲ್ಡ್ (ಒಂದು ಬೈಟ್‌ನಲ್ಲಿ ಎರಡು ಅಂಕಿ ಇಡುವ ಫೀಲ್ಡ್) ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ, ಏಕೆಂದರೆ ಕೊನೆಯ ಅರ್ಧ ಬೈಟ್‌ನಲ್ಲಿ ಪ್ಲಸ್ ಅಥವಾ ಮೈನಸ್ ಗುರುತು ಇರಬೇಕು, ಅಲ್ಲಿ ಸೊನ್ನೆ ಇದೆ. ಯಂತ್ರ ಎಂಸಿಎಚ್ 1202 ಎಸೆಯಿತು. ಆರ್‌ಪಿಜಿ ಅದನ್ನು ತನ್ನ ಭಾಷೆಗೆ ತಂದು ಆರ್‌ಎನ್‌ಕ್ಯೂ 0907 ಎಂದು ಆಪರೇಟರ್ ಅವರನ್ನು ಕೇಳಿತು. ಯಾರೋ ಸಿ ಒತ್ತಿದರು, ಅಥವಾ ಜಾಬ್‌ನ ಸೆಟ್ಟಿಂಗ್ ಪ್ರಕಾರ ತಾನೇ ಉತ್ತರ ಹೋಯಿತು. ಒಳಗಿನ ಪ್ರೋಗ್ರಾಂ ಸತ್ತಿತು. ಆಗ ಕರೆದ ಪ್ರೋಗ್ರಾಂಗೆ ಬಂದದ್ದು 0202. ನೀವು ಬೆಳಿಗ್ಗೆ ನೋಡಿದ್ದು ಇದನ್ನು. ನಿಮ್ಮ ಜಾಬ್‌ನಲ್ಲಿ ಬೇರೆ ದೋಷವೇ ಇದ್ದಿರಬಹುದು, ಆದರೆ ಸರಪಳಿ ಇದೇ ತರಹ ಇರುತ್ತದೆ. ಕೊನೆಯ ಕೊಂಡಿಯನ್ನು ಹಿಡಿದು ಹಿಂದಕ್ಕೆ ಹೋದರೆ ಮೊದಲ ಕೊಂಡಿ ಸಿಕ್ಕೇ ಸಿಗುತ್ತದೆ.

ಅಂದಹಾಗೆ, ಖಾಲಿ ಜಾಗ ತುಂಬಿದ ಸಂಖ್ಯೆಯ ಫೀಲ್ಡ್‌ಗಳನ್ನು ತಾನೇ ಸರಿಮಾಡಿಕೊಳ್ಳುವ ಫಿಕ್ಸ್ ನಂಬರ್ ಎಂಬ ಕಂಪೈಲ್ ಆಯ್ಕೆ ಆರ್‌ಪಿಜಿಯಲ್ಲಿದೆ. 1202 ಬಂತು ಎಂದ ಕೂಡಲೇ ಅದನ್ನು ಹಾಕಿ ಕಂಪೈಲ್ ಮಾಡಿ ಕಳಿಸುವ ಅಭ್ಯಾಸ ಹಲವು ಕಡೆ ಇದೆ. ನನಗೆ ಇದು ಒಪ್ಪಿಗೆಯಿಲ್ಲ. ಕೆಟ್ಟ ಡೇಟಾ ಎಲ್ಲಿಂದ ಬಂತು ಎಂದು ಮೊದಲು ಹುಡುಕಿ. ಸೊನ್ನೆಗೆ ಇಳಿಸದ ಡೇಟಾ ಸ್ಟ್ರಕ್ಚರ್, ಇಲ್ಲವೇ ಫಾರ್ಮ್ಯಾಟ್ ನೋಡದೆ ಒಂದು ಫೈಲ್‌ನಿಂದ ಇನ್ನೊಂದಕ್ಕೆ ಸುಮ್ನೆ ಕಾಪಿ ಮಾಡಿದ ರೆಕಾರ್ಡ್‌ಗಳು, ಬಹುತೇಕ ಇವೆರಡರಲ್ಲಿ ಒಂದು ಆಗಿರುತ್ತದೆ.

ಈಗ ಪಟ್ಟಿಯ ವಿಷಯಕ್ಕೆ ಬರೋಣ. ಈ ಸಿಸ್ಟಂನಲ್ಲಿ ಸಂದೇಶ ಎಂಬುದು ಪ್ರೋಗ್ರಾಂ ಒಳಗೆ ಬರೆದ ಸಾಲು ಅಲ್ಲ. ಅದು ಮೆಸೇಜ್ ಫೈಲ್ ಎಂಬ ಪ್ರತ್ಯೇಕ ಆಬ್ಜೆಕ್ಟ್‌ನಲ್ಲಿರುವ ಒಂದು ನಮೂದು. ಪ್ರತಿ ನಮೂದಿಗೂ ಏಳು ಅಕ್ಷರಗಳ ಗುರುತು ಇರುತ್ತದೆ. ಮೊದಲ ಮೂರು, ಸಂದೇಶ ಯಾವ ಮನೆಯದ್ದು ಎಂದು ಹೇಳುತ್ತವೆ. ಉಳಿದ ನಾಲ್ಕು ಹೆಕ್ಸಾಡೆಸಿಮಲ್ ಅಂಕಿಗಳು. ಅದಕ್ಕೇ ಸಿಪಿಎಫ್ 3ಸಿಎಫ್1 ಅಥವಾ ಸಿಪಿಎಫ್ 24ಬಿ4 ಎಂದು ನೋಡಿದರೆ ಬರೆದವರು ತಪ್ಪು ಟೈಪ್ ಮಾಡಿದ್ದಾರೆ ಅಂದುಕೊಳ್ಳಬೇಡಿ. ಮೊದಲನೆಯದು ಎಪಿಐಗಳಿಗೆ ಕೊಡುವ ಎರರ್ ಕೋಡ್ ಪ್ಯಾರಾಮೀಟರ್ ಸರಿಯಿಲ್ಲದಾಗ ಬರುವ ನಿಜವಾದ ಸಂದೇಶ.

ಸಿಪಿಎಫ್ ಎಂಬ ಹೆಸರು 1978ರಲ್ಲಿ ಬಂದ ಸಿಸ್ಟಂ/38ರ ಆಪರೇಟಿಂಗ್ ಸಿಸ್ಟಂನದ್ದು, ಕಂಟ್ರೋಲ್ ಪ್ರೋಗ್ರಾಂ ಫೆಸಿಲಿಟಿ. 1988ರಲ್ಲಿ ಎಎಸ್/400 ಬಂತು, ಮುಂದೆ ಐಸೀರೀಸ್ ಆಯಿತು, 2008ರಿಂದ ಐಬಿಎಂ ಐ. ಯಂತ್ರದ ಹೆಸರು ಇಷ್ಟು ಸಲ ಬದಲಾದರೂ ಸಂದೇಶಗಳ ಈ ಗುರುತು ಬದಲಾಗಲಿಲ್ಲ. ಇದರಿಂದ ಒಂದು ಒಳ್ಳೆಯ ಉಪಯೋಗ ಇದೆ. ಹಳೆಯ ಎಎಸ್/400 ಕೈಪಿಡಿಯಲ್ಲಿ ಸಿಪಿಎಫ್ 4131 ಬಗ್ಗೆ ಬರೆದದ್ದು ಇವತ್ತಿಗೂ ನಿಮಗೆ ಬಹುಪಾಲು ಹೊಂದುತ್ತದೆ. (ಅದು ಲೆವೆಲ್ ಚೆಕ್. ಫೈಲ್‌ನ ರೆಕಾರ್ಡ್ ಫಾರ್ಮ್ಯಾಟ್ ಬದಲಾಗಿದೆ, ನಿಮ್ಮ ಪ್ರೋಗ್ರಾಂ ಮಾತ್ರ ಹಳೆಯ ಫಾರ್ಮ್ಯಾಟ್ ಇಟ್ಟುಕೊಂಡಿದೆ ಎಂದರ್ಥ.) ಇಂಟರ್ನೆಟ್‌ನಲ್ಲಿ ಹುಡುಕುವಾಗಲೂ ಪಠ್ಯದ ಬದಲು ಗುರುತನ್ನೇ ಹಾಕಿ. ಪಠ್ಯ ಯಂತ್ರದಲ್ಲಿ ಹಾಕಿದ ಭಾಷೆಯ ಪ್ರಕಾರ ಬೇರೆಯಾಗಬಹುದು, ಗುರುತು ಎಲ್ಲ ಕಡೆಯೂ ಒಂದೇ.

ಯಾವ ಗುರುತು ಯಾವ ಫೈಲ್‌ನಲ್ಲಿದೆ ಎಂಬುದನ್ನು ತಿಳಿದುಕೊಳ್ಳಿ. ಆಪರೇಟಿಂಗ್ ಸಿಸ್ಟಂನ ದೊಡ್ಡ ಕಣಜ ಕ್ಯೂಸಿಸ್ ಲೈಬ್ರರಿಯಲ್ಲಿರುವ ಕ್ಯೂಸಿಪಿಎಫ್‌ಎಂಎಸ್‌ಜಿ. ಸಿಪಿಎಫ್ ಅಷ್ಟೇ ಅಲ್ಲ, ಸಿಪಿಡಿ, ಸಿಪಿಐ, ಸಿಪಿಸಿ, ಸಿಪಿಎ, ಸಿಪಿಇ, ಯಂತ್ರದ ಮಟ್ಟದ ಎಂಸಿಎಚ್, ಎಲ್ಲವೂ ಅಲ್ಲೇ. ಎಸ್‌ಕ್ಯೂಎಲ್‌ನವು ಕ್ಯೂಎಸ್‌ಕ್ಯೂಎಲ್‌ಎಂಎಸ್‌ಜಿಯಲ್ಲಿ. ಆರ್‌ಪಿಜಿ ಓಡುವಾಗ ಬರುವ ಆರ್‌ಎನ್‌ಎಕ್ಸ್, ಆರ್‌ಎನ್‌ಕ್ಯೂ ಸಂದೇಶಗಳು ಕ್ಯೂಆರ್‌ಎನ್‌ಎಕ್ಸ್‌ಎಂಎಸ್‌ಜಿಯಲ್ಲಿ. ಆರ್‌ಪಿಜಿ ಕಂಪೈಲ್ ಮಾಡುವಾಗ ಬರುವ ಆರ್‌ಎನ್‌ಎಫ್ ಬೇರೆ. ಅವುಗಳ ವಿವರ ಕಂಪೈಲ್ ಲಿಸ್ಟಿಂಗ್‌ನ ಕೊನೆಯಲ್ಲೇ ಬರುವುದರಿಂದ ಹುಡುಕುವ ಅಗತ್ಯ ಬರುವುದು ಕಡಿಮೆ.

ಕಮಾಂಡ್ ಸುಲಭ. ಡಿಸ್‌ಪ್ಲೇ ಮೆಸೇಜ್ ಡಿಸ್ಕ್ರಿಪ್ಷನ್ ಬರೆದು, ರೇಂಜ್‌ನಲ್ಲಿ ಗುರುತು, ಮೆಸೇಜ್ ಫೈಲ್‌ನಲ್ಲಿ ಮೇಲಿನ ಹೆಸರು ಕೊಡಿ. ಪೂರ್ತಿ ಪಟ್ಟಿ ನೋಡುತ್ತಾ ಹೋಗಬೇಕೆಂದರೆ ವರ್ಕ್ ವಿತ್ ಮೆಸೇಜ್ ಡಿಸ್ಕ್ರಿಪ್ಷನ್. ತಪ್ಪು ಫೈಲ್‌ನಲ್ಲಿ ಹುಡುಕಿದರೆ ಸಿಪಿಎಫ್ 2419 ಬರುತ್ತದೆ: ಈ ಗುರುತು ಈ ಫೈಲ್‌ನಲ್ಲಿಲ್ಲ ಅಂತ. ಆಗ ಮತ್ತೆ ಜಾಬ್ ಲಾಗ್‌ಗೆ ಹೋಗಿ ಎಫ್9 ಪರದೆಯಲ್ಲಿ ಮೆಸೇಜ್ ಫೈಲ್ ಹೆಸರು ನೋಡಿಕೊಳ್ಳಿ. ಹೊರಗಿನಿಂದ ಕೊಂಡ ಪ್ಯಾಕೇಜ್‌ಗಳಿಗೂ ನಿಮ್ಮ ಕಂಪನಿಯ ಹಳೆಯ ಪ್ರೋಗ್ರಾಂಗಳಿಗೂ ಸ್ವಂತ ಮೆಸೇಜ್ ಫೈಲ್ ಇರುವುದು ಮಾಮೂಲು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಈ ಕಮಾಂಡ್ ತೋರಿಸುವುದು ಸಂದೇಶದ ಅಚ್ಚನ್ನು ಮಾತ್ರ. ಸಿಪಿಎಫ್ 9801 ನೋಡಿದರೆ, ಆಬ್ಜೆಕ್ಟ್ ಹೆಸರು ಬರಬೇಕಾದ ಕಡೆ ಆ್ಯಂಪರ್‌ಸ್ಯಾಂಡ್ ಚಿಹ್ನೆಯ ಜೊತೆ ಒಂದು ಸಂಖ್ಯೆ, ಲೈಬ್ರರಿ ಬರಬೇಕಾದ ಕಡೆ ಇನ್ನೊಂದು ಇರುತ್ತದೆ. ಯಾವ ಆಬ್ಜೆಕ್ಟ್, ಯಾವ ಲೈಬ್ರರಿ ಎಂಬ ನಿಜವಾದ ಹೆಸರು ಸಿಗುವುದು ಜಾಬ್ ಲಾಗ್‌ನಲ್ಲಿ ಎಫ್1 ಒತ್ತಿದಾಗಲೇ. ಅದಕ್ಕೇ ಹಿರಿಯರು ಯಾವಾಗಲೂ "ಲಾಗ್ ನೋಡು" ಅನ್ನುವುದು. ಪಟ್ಟಿಯಿಂದ ದೋಷದ ಅರ್ಥ ತಿಳಿಯುತ್ತದೆ, ನಿಮ್ಮ ದೋಷ ತಿಳಿಯುವುದಿಲ್ಲ. ಪಟ್ಟಿ ನಿಜವಾಗಿ ಬೇಕಾಗುವುದು ಲಾಗ್ ಕಳೆದುಹೋದಾಗ, ಅಥವಾ ಬರೀ ಗುರುತು ಮಾತ್ರ ಕೈಗೆ ಸಿಕ್ಕಾಗ, ಇಲ್ಲವೇ ಪ್ರೋಗ್ರಾಂ ಬರೆಯುವಾಗ ಯಾವ ಸಂದೇಶ ಹಿಡಿಯಬೇಕು ಎಂದು ತೀರ್ಮಾನಿಸುವಾಗ.

ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲದ ಗುರುತುಗಳೂ ಇವೆ. ಸಿಪಿಎಫ್ 9898 ಅದರಲ್ಲಿ ಮೊದಲನೆಯದು. ಅದರ ಪಠ್ಯವೇ ಖಾಲಿ ಅಚ್ಚು, ಪ್ರೋಗ್ರಾಂ ಬರೆದವರು ತಮಗೆ ಬೇಕಾದ ಮಾತು ತುಂಬಿ ಕಳಿಸುತ್ತಾರೆ. ಅದು ಬಂದರೆ ಗುರುತು ಬಿಟ್ಟು, ಬರೆದ ವಾಕ್ಯ ಓದಿ, ಕಳಿಸಿದ ಪ್ರೋಗ್ರಾಂನ ಸೋರ್ಸ್ ತೆರೆಯಿರಿ.

ಗುರುತು ಗೊತ್ತಿಲ್ಲ, ಪಠ್ಯದ ಎರಡು ಪದ ಮಾತ್ರ ನೆನಪಿದೆ ಎಂದಾಗ ಎಸ್‌ಕ್ಯೂಎಲ್ ಸಹಾಯಕ್ಕೆ ಬರುತ್ತದೆ. ಕ್ಯೂಸಿಸ್2 ಲೈಬ್ರರಿಯಲ್ಲಿ ಮೆಸೇಜ್ ಫೈಲ್ ಡೇಟಾ ಎಂಬ ವ್ಯೂ ಇದೆ. ಲೈಬ್ರರಿ ಕ್ಯೂಸಿಸ್, ಫೈಲ್ ಕ್ಯೂಸಿಪಿಎಫ್‌ಎಂಎಸ್‌ಜಿ ಎಂದು ಷರತ್ತು ಹಾಕಿ, ಪಠ್ಯದ ಕಾಲಂ ಮೇಲೆ ಲೈಕ್ ಬಳಸಿ. ಷರತ್ತು ಹಾಕದೇ ಓಡಿಸಿದರೆ ಯಂತ್ರದ ಎಲ್ಲ ಮೆಸೇಜ್ ಫೈಲ್‌ಗಳನ್ನೂ ಜಾಲಾಡುತ್ತದೆ, ಬಹಳ ಹೊತ್ತು ಹಿಡಿಯುತ್ತದೆ. ಅದೇ ಲೈಬ್ರರಿಯ ಜಾಬ್ ಲಾಗ್ ಇನ್ಫೋ ಎಂಬ ಟೇಬಲ್ ಫಂಕ್ಷನ್‌ಗೆ ಜಾಬ್ ಹೆಸರು ಕೊಟ್ಟರೆ ಇಡೀ ಲಾಗ್ ಸಾಲುಸಾಲಾಗಿ ಬರುತ್ತದೆ. ಎಸ್ಕೇಪ್ ಸಂದೇಶ ಮಾತ್ರ ಸೋಸಿ, ಬಂದ ಕ್ರಮದಲ್ಲಿ ಜೋಡಿಸಿ ನೋಡಬಹುದು. ಜಾವಾದಿಂದ ಬಂದ ನಿಮಗೆ ಬರೀ ಅಕ್ಷರಗಳ ಹಳೆಯ ಹಸಿರು ಪರದೆಗಿಂತ ಇದು ಕೈಗೆ ಹತ್ತಿರ ಅನಿಸಬಹುದು. ಸಾವಿರಾರು ಸಾಲಿನ ಲಾಗ್ ಇದ್ದಾಗ ನಾನೂ ಇದನ್ನೇ ಬಳಸುತ್ತೇನೆ.

ಇನ್ನು −913. ಎಸ್‌ಕ್ಯೂಎಲ್ ಕೋಡ್‌ನಿಂದ ಸಂದೇಶದ ಗುರುತಿಗೆ ಹೋಗುವ ದಾರಿ ಸರಳ. ಮೈನಸ್ ಚಿಹ್ನೆ ಬಿಡಿ, ನಾಲ್ಕು ಅಂಕಿ ಆಗುವವರೆಗೆ ಮುಂದೆ ಸೊನ್ನೆ ಸೇರಿಸಿ, ಎಸ್‌ಕ್ಯೂಎಲ್ ಎಂದು ಹಚ್ಚಿ. −913 ಅಂದರೆ ಎಸ್‌ಕ್ಯೂಎಲ್ 0913. −204 ಅಂದರೆ ಎಸ್‌ಕ್ಯೂಎಲ್ 0204, ಹೇಳಿದ ಆಬ್ಜೆಕ್ಟ್ ಸಿಗಲಿಲ್ಲ. ಪ್ಲಸ್ 100 ಆದರೆ ಎಸ್‌ಕ್ಯೂಎಲ್ 0100, ಓದಲು ಇನ್ನು ಸಾಲು ಇಲ್ಲ. ಐದು ಅಂಕಿ ಇದ್ದರೆ ಏಳಕ್ಷರದಲ್ಲಿ ಹಿಡಿಯಬೇಕಲ್ವಾ, ಆಗ ಎಲ್ ಬಿಟ್ಟುಹೋಗುತ್ತದೆ. −30082 ಎಂಬುದನ್ನು ಎಸ್‌ಕ್ಯೂ 30082 ಎಂದು ಹುಡುಕಬೇಕು.

0913ರ ಅರ್ಥ, ಸಾಲು ಅಥವಾ ಆಬ್ಜೆಕ್ಟ್ ಬೇರೆಯವರ ಕೈಯಲ್ಲಿದೆ, ಕಾದು ಕಾದು ಸಮಯ ಮೀರಿತು ಅಂತ. ಯಾವ ಫೈಲ್ ಎಂದು ಇದು ಹೇಳುತ್ತದೆ. ಯಾರು ಹಿಡಿದುಕೊಂಡಿದ್ದಾರೆ ಎಂಬುದಕ್ಕೆ ಇದರ ಮೇಲಿನ ಸಾಲುಗಳನ್ನು ನೋಡಿ. ಸಾಮಾನ್ಯವಾಗಿ ಸಿಪಿಎಫ್ 5027 ಇರುತ್ತದೆ, ಅದರಲ್ಲಿ ರೆಕಾರ್ಡ್ ಸಂಖ್ಯೆಯೂ ಅದನ್ನು ಲಾಕ್ ಮಾಡಿಟ್ಟುಕೊಂಡ ಜಾಬ್‌ನ ಪೂರ್ತಿ ಹೆಸರೂ ಇರುತ್ತದೆ. ನಿಮ್ಮ ಪ್ರೋಗ್ರಾಂ −913 ಎಂಬ ಸಂಖ್ಯೆಯನ್ನು ಮಾತ್ರ ಬರೆದಿಟ್ಟು ಮುಂದೆ ಹೋಗುವುದರಿಂದ ಈ ಅಮೂಲ್ಯ ಮಾಹಿತಿ ಕಳೆದುಹೋಗುತ್ತಿದೆ. ಗೆಟ್ ಡಯಗ್ನೋಸ್ಟಿಕ್ಸ್ ಹೇಳಿಕೆ ಬಳಸಿ ಸಂದೇಶದ ಪಠ್ಯವನ್ನೂ ಎಸ್‌ಕ್ಯೂಎಲ್ ಸ್ಟೇಟ್ ಅನ್ನೂ ಕೋಡ್ ಜೊತೆ ಬರೆದಿಡಿ. ದೋಷ ಆದ ಕೂಡಲೇ, ಬೇರೆ ಎಸ್‌ಕ್ಯೂಎಲ್ ಓಡಿಸುವ ಮೊದಲೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಆ ಮಾಹಿತಿ ಅಳಿಸಿಹೋಗುತ್ತದೆ.

ಕೆಲವು ಎಸ್‌ಕ್ಯೂಎಲ್ ಸಂದೇಶಗಳಲ್ಲಿ ಗುರುತಿಗಿಂತ ರೀಸನ್ ಕೋಡ್ ಮುಖ್ಯ. ಎಸ್‌ಕ್ಯೂಎಲ್ 7008 ತೆಗೆದುಕೊಳ್ಳಿ. ಈ ಫೈಲ್ ಮೇಲೆ ಈ ಕೆಲಸ ಆಗುವುದಿಲ್ಲ ಎಂದಷ್ಟೇ ಮೊದಲ ಸಾಲು. ರೀಸನ್ ಕೋಡ್ 3 ಎಂದಿದ್ದರೆ, ಎರಡನೇ ಹಂತದ ಪಠ್ಯದಲ್ಲಿ 3ರ ಎದುರು ನೋಡಿ: ಫೈಲ್ ಜರ್ನಲ್ ಆಗಿಲ್ಲ (ಅದರ ಬದಲಾವಣೆಗಳು ದಾಖಲಾಗುತ್ತಿಲ್ಲ), ನೀವು ಮಾತ್ರ ಕಮಿಟ್‌ಮೆಂಟ್ ಕಂಟ್ರೋಲ್ (ಬದಲಾವಣೆಗಳನ್ನು ಒಟ್ಟಿಗೆ ಖಾಯಂ ಮಾಡುವ ಇಲ್ಲವೇ ಹಿಂತೆಗೆಯುವ ವ್ಯವಸ್ಥೆ) ಅಡಿಯಲ್ಲಿ ಬದಲಾಯಿಸಲು ಹೊರಟಿದ್ದೀರಿ. ಹೊಸದಾಗಿ ಮಾಡಿದ ಟೆಸ್ಟ್ ಲೈಬ್ರರಿಗಳಲ್ಲಿ ಇದು ತುಂಬಾ ಕಾಣುತ್ತದೆ. ಎಫ್1 ಒತ್ತದವರಿಗೆ ಇದು ದೊಡ್ಡ ಒಗಟು, ಒತ್ತಿದವರಿಗೆ ಅರ್ಧ ನಿಮಿಷದ ಕೆಲಸ.

3401 ಬೇರೆ ಜಾತಿಯದ್ದು. ಅದು ಸಿ ಭಾಷೆಯ ದೋಷ ಸಂಖ್ಯೆ, ಎರ್‌ನೋ. ಐಎಫ್‌ಎಸ್‌ನ (ಡೈರೆಕ್ಟರಿಗಳಿರುವ ಫೈಲ್ ವ್ಯವಸ್ಥೆಯ) ಫೈಲ್, ಸಾಕೆಟ್ ಇಂಥವುಗಳ ಎಪಿಐ ಕರೆದಾಗ ಬರುತ್ತದೆ. ಸಂಖ್ಯೆಯ ಮುಂದೆ ಸಿಪಿಇ ಹಚ್ಚಿ ಕ್ಯೂಸಿಪಿಎಫ್‌ಎಂಎಸ್‌ಜಿಯಲ್ಲಿ ಹುಡುಕಿ. ಸಿಪಿಇ 3401 ಅಂದರೆ ಅನುಮತಿ ಇಲ್ಲ. ಸಿಪಿಇ 3025 ಅಂದರೆ ಅಂಥ ಪಾತ್ ಅಥವಾ ಡೈರೆಕ್ಟರಿ ಇಲ್ಲ. ಸಿಪಿಇ 3425 ಅಂದರೆ ಆಚೆ ಕಡೆಯವರು ಕನೆಕ್ಷನ್ ನಿರಾಕರಿಸಿದರು. 3401 ಬಂದಾಗ ಎಲ್ಲರೂ ಫೈಲ್‌ನ ಅನುಮತಿಯನ್ನು ಮಾತ್ರ ನೋಡುತ್ತಾರೆ. ಪಾತ್‌ನಲ್ಲಿರುವ ಪ್ರತಿ ಡೈರೆಕ್ಟರಿಗೂ ಎಕ್ಸಿಕ್ಯೂಟ್ ಅನುಮತಿ ಬೇಕು, ಅದನ್ನೂ ನೋಡಿ.

ಆರ್‌ಪಿಜಿಯೊಳಗೆ ನೀವೇ ದೋಷ ಹಿಡಿಯುವಾಗ ಸಿಗುವ ಸ್ಟೇಟಸ್ ಸಂಖ್ಯೆಗೂ ಇದೇ ತರಹದ ದಾರಿ. ಐದು ಅಂಕಿಯ ಸ್ಟೇಟಸ್‌ನ ಕೊನೆಯ ನಾಲ್ಕನ್ನು ತೆಗೆದು ಆರ್‌ಎನ್‌ಎಕ್ಸ್ ಹಚ್ಚಿ. ಸ್ಟೇಟಸ್ 00102 ಅಂದರೆ ಆರ್‌ಎನ್‌ಎಕ್ಸ್ 0102, ಸೊನ್ನೆಯಿಂದ ಭಾಗಾಕಾರ. 00121 ಅಂದರೆ ಅರೇ ಸೂಚಿ ಮಿತಿ ಮೀರಿದೆ. 01218 ಅಂದರೆ ರೆಕಾರ್ಡ್ ಲಾಕ್ ಆಗಿದೆ. ಆರ್‌ಎನ್‌ಕ್ಯೂ ಎಂಬುದು ಅದೇ ಸಂದೇಶದ ಪ್ರಶ್ನೆ ಕೇಳುವ ರೂಪ. ಇದಕ್ಕಿಂತ ಉಪಯೋಗದ್ದು ಪ್ರೋಗ್ರಾಂ ಸ್ಟೇಟಸ್ ಡೇಟಾ ಸ್ಟ್ರಕ್ಚರ್ (ದೋಷದ ವಿವರವನ್ನು ಆರ್‌ಪಿಜಿ ತುಂಬಿಡುವ ಜಾಗ). ಅದರ 40ರಿಂದ 46ನೇ ಸ್ಥಾನದವರೆಗೆ ಮೂಲ ಸಂದೇಶದ ಏಳಕ್ಷರದ ಗುರುತು, 91ರಿಂದ 170ರವರೆಗೆ ಅದರ ಪಠ್ಯದ ಭಾಗ ಇರುತ್ತದೆ. ದೋಷದ ದಾಖಲೆ ಬರೆಯುವಾಗ ಸ್ಟೇಟಸ್ ಜೊತೆ ಇವೆರಡನ್ನೂ ಬರೆಯಿರಿ. ಸ್ಟೇಟಸ್ 01299 ಎಂದು ಮಾತ್ರ ಬರೆದಿಟ್ಟರೆ "ಬೇರೆ ಯಾವುದೋ ಐ/ಓ ದೋಷ" ಎಂದಷ್ಟೇ ಗೊತ್ತಾಗುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ.

ಸಿಎಲ್ ಪ್ರೋಗ್ರಾಂಗಳಲ್ಲಿ ನಿಮಗೆ ಇದಕ್ಕಿಂತ ದೊಡ್ಡ ಅಡ್ಡಿ ಸಿಗಬಹುದು. ಮಾನಿಟರ್ ಮೆಸೇಜ್ ಕಮಾಂಡ್‌ಗೆ ಸಿಪಿಎಫ್ 0000 ಕೊಟ್ಟರೆ ಸಿಪಿಎಫ್‌ನ ಎಲ್ಲ ಎಸ್ಕೇಪ್ ಸಂದೇಶಗಳನ್ನೂ ಒಟ್ಟಿಗೆ ನುಂಗುತ್ತದೆ. ಹಳೆಯ ಪ್ರೋಗ್ರಾಂಗಳಲ್ಲಿ ಪ್ರತಿ ಕಮಾಂಡ್ ಕೆಳಗೂ ಇದನ್ನು ಹಾಕಿರುತ್ತಾರೆ. ಫೈಲ್ ಇಲ್ಲ ಎಂದು ಬಂದರೂ, ಅನುಮತಿ ಇಲ್ಲ ಎಂದು ಬಂದರೂ ಪ್ರೋಗ್ರಾಂ ಏನೂ ಆಗದವರಂತೆ ಮುಂದೆ ಹೋಗುತ್ತದೆ. ಹತ್ತು ಹೆಜ್ಜೆ ಆದಮೇಲೆ ಸಂಬಂಧವೇ ಇಲ್ಲದ ಕಡೆ ಮುರಿದು ಬೀಳುತ್ತದೆ. ಇಂಥ ಪ್ರೋಗ್ರಾಂನ ಲಾಗ್ ಓದುವಾಗ ಕೊನೆಯ ದೋಷಕ್ಕೆ ನಿಲ್ಲದೆ ಇನ್ನೂ ಮೇಲಕ್ಕೆ ಹೋಗಿ. ಹಿಡಿದು ಬಿಟ್ಟ ಸಂದೇಶಗಳೂ ಲಾಗ್‌ನಲ್ಲಿ ಉಳಿದಿರುತ್ತವೆ, ಬರೆದವರು ಅದನ್ನು ರಿಮೂವ್ ಮೆಸೇಜ್ ಹಾಕಿ ತೆಗೆದಿರದಿದ್ದರೆ. ನೀವು ಹೊಸದಾಗಿ ಬರೆಯುವಾಗ, ಕಮಾಂಡ್ ಟೈಪ್ ಮಾಡಿ ಎಫ್4, ಆಮೇಲೆ ಎಫ್1 ಒತ್ತಿ. ಆ ಕಮಾಂಡ್ ಕಳಿಸಬಹುದಾದ ಎಸ್ಕೇಪ್ ಸಂದೇಶಗಳ ಪಟ್ಟಿ ಸಹಾಯ ಪಠ್ಯದ ಕೊನೆಯಲ್ಲಿ ಇರುತ್ತದೆ. ನೀವು ನಿಜವಾಗಿ ನಿರೀಕ್ಷಿಸುವುದನ್ನು ಮಾತ್ರ ಹಿಡಿಯಿರಿ. ಚೆಕ್ ಆಬ್ಜೆಕ್ಟ್ ನಂತರ 9801 ಹಿಡಿಯುವುದು ಸರಿ, 9802 ಹಿಡಿದು ಸುಮ್ಮನಾಗುವುದು ತಪ್ಪು. ಮೊದಲನೆಯದು ಆಬ್ಜೆಕ್ಟ್ ಇಲ್ಲ ಎನ್ನುತ್ತದೆ, ಎರಡನೆಯದು ಇದೆ ಆದರೆ ನಿಮಗೆ ಅನುಮತಿ ಇಲ್ಲ ಎನ್ನುತ್ತದೆ.

ಲಾಗ್ ಇಲ್ಲವೇ ಇಲ್ಲ ಎಂಬ ಸ್ಥಿತಿಯೂ ಬರುತ್ತದೆ. ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ (ಜಾಬ್ ಹೇಗೆ ಓಡಬೇಕು ಎಂಬ ಸೆಟ್ಟಿಂಗ್‌ಗಳಿರುವ ಆಬ್ಜೆಕ್ಟ್) ಲಾಗಿಂಗ್ ಸ್ಟಾರ್ ನೋಲಿಸ್ಟ್ ಎಂದಿದ್ದರೆ, ಸರಿಯಾಗಿ ಮುಗಿದ ಜಾಬ್‌ಗೆ ಲಾಗ್ ಉಳಿಯುವುದಿಲ್ಲ. ದೋಷವನ್ನು ನುಂಗಿ "ಸರಿಯಾಗಿ" ಮುಗಿಯುವ ಪ್ರೋಗ್ರಾಂ ಆದರೆ ಕುರುಹೇ ಸಿಗದು. ತನಿಖೆ ಮಾಡಬೇಕಾದ ಜಾಬ್‌ಗೆ ಲಾಗ್ ಮೌಲ್ಯವನ್ನು 4, 00, ಸ್ಟಾರ್ ಸೆಕ್‌ಲೆವೆಲ್ ಎಂದು ಬದಲಾಯಿಸಿ, ಸಿಎಲ್ ಕಮಾಂಡ್‌ಗಳನ್ನೂ ಲಾಗ್ ಮಾಡುವ ಆಯ್ಕೆಗೆ ಯೆಸ್ ಕೊಟ್ಟು ಮತ್ತೆ ಓಡಿಸಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಆ ನಾಲ್ಕು ಅಕ್ಷರಗಳು. ಸಿ ಅಂದರೆ ಪ್ರೋಗ್ರಾಂ ರದ್ದು ಮಾಡು. ಡಿ ಅಂದರೆ ಡಂಪ್ (ಪ್ರೋಗ್ರಾಂನ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆದು ರದ್ದು ಮಾಡು. ಎಫ್ ಅಂದರೆ ಇನ್ನೂ ವಿವರವಾದ ಡಂಪ್ ತೆಗೆದು ರದ್ದು ಮಾಡು. ಜಿ ಅಂದರೆ ಆರ್‌ಪಿಜಿ ಸೈಕಲ್‌ನ (ಪ್ರೋಗ್ರಾಂ ತಾನೇ ಮತ್ತೆ ಮತ್ತೆ ಸುತ್ತುವ ಕ್ರಮ) ಮುಂದಿನ ಸುತ್ತಿಗೆ ಹೋಗು. ಪ್ರೋಗ್ರಾಂನ ಒಳಗು ಚೆನ್ನಾಗಿ ಗೊತ್ತಿಲ್ಲದೆ ಜಿ ಒತ್ತಲೇಬೇಡಿ, ಅರ್ಧ ಬರೆದ ವ್ಯವಹಾರ ಹಾಗೇ ಉಳಿದು ಮುಂದಿನದು ಶುರುವಾಗಬಹುದು. ಸಿ ಒತ್ತಿದರೆ ಆ ಕ್ಷಣದ ವೇರಿಯಬಲ್‌ಗಳ ಬೆಲೆ ಶಾಶ್ವತವಾಗಿ ಹೋಗುತ್ತದೆ. ಡಿ ಒತ್ತಿದರೆ ಕ್ಯೂಪಿಪಿಜಿಎಂಡಿಎಂಪಿ ಎಂಬ ಸ್ಪೂಲ್ ಫೈಲ್ ಬರುತ್ತದೆ. ಅದರಲ್ಲಿ ಸ್ಟೇಟಸ್, ದೋಷ ಆದ ಸ್ಟೇಟ್‌ಮೆಂಟ್, ಫೈಲ್‌ಗಳ ಸ್ಥಿತಿ, ಪ್ರತಿ ವೇರಿಯಬಲ್‌ನ ಬೆಲೆ ಇರುತ್ತದೆ. ಸಂಖ್ಯೆಯ ಫೀಲ್ಡ್‌ನಲ್ಲಿ ಹೆಕ್ಸ್ 40 ಕುಳಿತಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ವೇರಿಯಬಲ್‌ಗಳು ಬರಬೇಕೆಂದರೆ ಪ್ರೋಗ್ರಾಂ ಅನ್ನು ಡಿಬಗ್ ವ್ಯೂ ಇಟ್ಟು ಕಂಪೈಲ್ ಮಾಡಿರಬೇಕು.

ನಿಮ್ಮ ವಿಷಯದಲ್ಲಿ ಕಾಯುತ್ತಿದ್ದುದು 0202, ಅಂದರೆ ಒಳಗಿನ ಪ್ರೋಗ್ರಾಂ ಆಗಲೇ ಹೋಗಿಯಾಗಿದೆ. ಈಗ ಡಿ ಒತ್ತಿದರೆ ಹೊರಗಿನ ಪ್ರೋಗ್ರಾಂನ ಡಂಪ್ ಮಾತ್ರ ಸಿಗುತ್ತದೆ. ಅದೂ ಬೇಕು, ಒಳಗೆ ಕಳಿಸಿದ ಪ್ಯಾರಾಮೀಟರ್‌ಗಳು ಅದರಲ್ಲಿ ಇರುತ್ತವೆ. ಒಳಗಿನದರ ಡಂಪ್ ಬೇಕಾಗಿದ್ದರೆ ಮೊದಲ ಪ್ರಶ್ನೆ ಬಂದಾಗಲೇ ಡಿ ಹೋಗಬೇಕಿತ್ತು. ಅದಕ್ಕೆ ಆ ಜಾಬ್ ವಿಚಾರಣಾ (ಉತ್ತರ ಕೇಳುವ) ಸಂದೇಶಗಳಿಗೆ ಹೇಗೆ ಉತ್ತರಿಸುತ್ತದೆ ಎಂದು ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ನೋಡಿ: ಯಾರಾದರೂ ಉತ್ತರಿಸಲೇಬೇಕೇ, ಪೂರ್ವನಿಶ್ಚಿತ ಉತ್ತರ ಹೋಗುತ್ತದೆಯೇ, ಅಥವಾ ಸಿಸ್ಟಂ ರಿಪ್ಲೈ ಲಿಸ್ಟ್‌ನಿಂದ ಬರುತ್ತದೆಯೇ. ಮೂರನೆಯದಾದರೆ ವರ್ಕ್ ವಿತ್ ರಿಪ್ಲೈ ಲಿಸ್ಟ್ ಎಂಟ್ರಿ ತೆರೆದು ಆರ್‌ಎನ್‌ಕ್ಯೂ ಸಂದೇಶಗಳಿಗೆ ಯಾವ ಉತ್ತರ ಇದೆ ನೋಡಿ. ಸಿ ಎಂದಿದ್ದರೆ ಅದನ್ನು ಡಿ ಮಾಡಿಸುವ ಬಗ್ಗೆ ಸಿಸ್ಟಂ ನೋಡಿಕೊಳ್ಳುವವರ ಜೊತೆ ಮಾತಾಡಿ. ಆ ಪಟ್ಟಿ ಇಡೀ ಯಂತ್ರಕ್ಕೆ ಒಂದೇ ಆಗಿರುವುದರಿಂದ ನೀವೊಬ್ಬರೇ ಬದಲಾಯಿಸಬೇಡಿ. ಜೊತೆಗೆ ರಾತ್ರಿ ಪಾಳಿಯವರಿಗೂ ತಿಳಿಸಿ: ಆರ್‌ಎನ್‌ಕ್ಯೂ ಬಂದರೆ ಸಿ ಬೇಡ, ಡಿ ಒತ್ತಿ, ಜಾಬ್‌ನ ಹೆಸರು, ಬಳಕೆದಾರ, ಸಂಖ್ಯೆ ಮೂರನ್ನೂ ಬರೆದಿಡಿ ಅಂತ.